ಎಲ್ಲಾ ಹೂವೂ ಕಾಯಿಗಟ್ಟಿದ ಸಾಲು

"ಕೀಳಿ ಅಂದೆನಲ್ಲ, ಕೀಳಿ" ಎಂದ ರತ್ನಾಕರ.

ಗುಣಪಾಲ ಶೆಟ್ಟಿ ಕೀಳಲಿಲ್ಲ. ಬಿಳಿ ಪ್ಯಾಂಟಿನ ಮಂಡಿಗೆ ಕಡಲತಡಿಯ ಹೊಯಿಗೆ ತಾಗಬಾರದೆಂದು ಅರ್ಧ ಬಗ್ಗಿ, ನೆಲಗಡಲೆ ಗಿಡದ ಬುಡಕ್ಕೆ ಕೈಯಿಟ್ಟು, ಹಾಗೆಯೇ ನಿಂತುಬಿಟ್ಟ. ಪೂರ್ತಿ ಬಗ್ಗಿದರೆ ಬಟ್ಟೆ ಹಾಳು, ಪೂರ್ತಿ ಎದ್ದರೆ ಹೆಸರು ಹಾಳು.

"ಇದು ಡಾಕ್ಟರು ಮಾಡಿಹೋದ ಕೊನೆಯ ಕೆಲಸ. ಇದನ್ನು ಕೀಳುವುದು ವಿಜ್ಞಾನಕ್ಕೆ ಬಗೆಯುವ ದ್ರೋಹವಾಗುತ್ತದೆ."

"ವಿಜ್ಞಾನಕ್ಕೆ ಬಗೆಯುವ ದ್ರೋಹವಾಗುತ್ತದೆ" ಎಂದು ರತ್ನಾಕರ ಅದೇ ಮೂಗಿನ ದನಿಯಲ್ಲಿ, ಅದೇ ಎಳೆತದಲ್ಲಿ ತಿರುಗಿ ಹೇಳಿದ. ಕಣ್ಣು ಮುಚ್ಚಿಕೊಂಡವರಿಗೆ ತೋಟದಲ್ಲಿ ಇಬ್ಬರು ಗುಣಪಾಲರಿದ್ದಾರೆ ಅನ್ನಿಸಬೇಕು.

"ಒಬ್ನೇ ಹೆಚ್ಚಾಯ್ತ್ ಮರಾಯ್ರೆ" ಎಂದ ಗೇರು ಮರದ ನೆರಳಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಚಂದಯ್ಯ.

ಬೇರೆ ದಿನವಾಗಿದ್ದರೆ ರತ್ನಾಕರ ನಗುತ್ತಿದ್ದ. ಊರವರ ದನಿಯೆಲ್ಲ ಗಂಟಲಲ್ಲಿಟ್ಟುಕೊಂಡು ಮುಂಬಯಿಯಿಂದ ಬೈಂದೂರಿಗೆ ಮರಳಿ, ಕಳವು ಮೋಸಗಳ ಪತ್ತೆ ಮಾಡುತ್ತ ಬದುಕುವ ಮನುಷ್ಯ ಅವನು. ನಗದಿದ್ದರೆ ಹೊಟ್ಟೆನೋವು ಬರುವ ಜಾತಿ. ಆದರೆ ಇವತ್ತು ಹಲ್ಲು ಕಚ್ಚಿಕೊಂಡಿದ್ದ.

ತಿಂಗಳ ಹಿಂದೆ ಇದೇ ಸಾಲಿನ ತುದಿಯ ನೀರಿನ ಗುಂಡಿಯಲ್ಲಿ, ತಲೆಯ ಹಿಂಬದಿ ಒಡೆದು, ನೆಲಗಡಲೆಯ ಹೊಸ ತಳಿ ಬೆಳೆಸುತ್ತಿದ್ದ ಡಾಕ್ಟರ್ ಶೇಖರ ಹೆಗ್ಡೆಯವರ ಹೆಣ ತೇಲಿತ್ತು. ಅವರ ಕೈಕೆಳಗೆ ಹೂವಿನ ಕೆಲಸ ಮಾಡುತ್ತಿದ್ದ ಗುಲಾಬಿ ಆ ಕೊಲೆಗೆ ಜೈಲು ಸೇರಿದ್ದಳು. ಇವತ್ತು ಅವಳನ್ನು ಕುಂದಾಪುರದ ಕೋರ್ಟಿಗೆ ಕರೆದೊಯ್ಯುವ ದಿನ. ಒಮ್ಮೆ ಅಲ್ಲಿಂದ ಮುಂದಿನ ಕೋರ್ಟಿಗೆ ದಾಟಿದಳೆಂದರೆ ಬದುಕಿ ಬರುವ ದಾರಿ ಮುಚ್ಚಿದಂತೆ.

ನಿನ್ನೆ ರತ್ನಾಕರ ಅವಳನ್ನು ನೋಡಲು ಹೋಗಿದ್ದ. ಮೊಗ್ಗಿನ ಸಿಪ್ಪೆ ಹರಿಯದಂತೆ ಬಿಡಿಸುವ ಆ ಬೆರಳುಗಳು ಕಂಬಿಯ ತುಕ್ಕು ಕೆರೆಯುತ್ತಿದ್ದವು. ವಕೀಲರ ವಿಷಯ ಅವಳು ಕೇಳಲಿಲ್ಲ. "ಗಿಡಕ್ಕೆ ನೀರ್ ಹಾಕ್ತ್ರಾ ಒಡೆಯಾ?" ಎಂದು ಕೇಳಿದಳು. ಅಲ್ಲಿಂದ ಹತ್ತಿದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು. ಹಾಗಾಗಿ ಸಿಕ್ಕಿದವರ ಮೇಲೆಲ್ಲ.

ಗುಣಪಾಲನ ಕೈಯನ್ನು ಬದಿಗೆ ತಳ್ಳಿ, ರತ್ನಾಕರ ತಾನೇ ಗಿಡವನ್ನು ಬುಡಸಮೇತ ಎತ್ತಿದ. ಹೊಯಿಗೆ ಉದುರಿತು.

"ಹ್ವಾಯ್ ಚಂದಯ್ಯಣ್ಣ, ಎಲೆ ಉಗುಳಿ ಇಲ್ಲಿ ಬನ್ನಿ."

ಹೆಡ್ ಎಂದರೆ ಇಂಗ್ಲಿಷಿನಲ್ಲಿ ತಲೆ, ಕನ್ನಡದಲ್ಲಿ ದಡ್ಡ. ಚಂದಯ್ಯ ಯಾವ ಭಾಷೆಯ ಹೆಡ್ ಎಂದು ಠಾಣೆಯಲ್ಲಿ ಯಾರಿಗೂ ಖಚಿತವಿರಲಿಲ್ಲ. ಅವನು ಎಲೆ ಉಗುಳಲಿಲ್ಲ. ದವಡೆಯ ಒಂದು ಬದಿಗೆ ಸರಿಸಿಕೊಂಡು ಬಂದ.

ಬಂದದ್ದು ಅವನೊಬ್ಬನೇ ಅಲ್ಲ. ಮುಳ್ಳುಬೇಲಿಯ ಹತ್ತಿರ ನಿಂತಿದ್ದ ಪ್ರಭಾವತಿಯೂ ಬಂದಳು. ಸತ್ತ ಡಾಕ್ಟರ ತಂಗಿ. ಅಣ್ಣನ ಕೊನೆಯ ಸಾಲಿಗೆ ಯಾರೂ ಕಾಲಿಡಬಾರದೆಂದು ತಾನೇ ಮುಳ್ಳು ಕಡಿದು ಬೇಲಿ ಕಟ್ಟಿ, ತಾನೇ ಕೊಡದಲ್ಲಿ ನೀರು ಹೊತ್ತು ಹಾಕಿದವಳು. ಗುಲಾಬಿ ಕೊಂದವಳಲ್ಲ, ಅವಳನ್ನು ಬಿಡಿಸಿಕೊಡಿ ಎಂದು ರತ್ನಾಕರನ ಮನೆಗೆ ನಡೆದುಕೊಂಡು ಬಂದವಳೂ ಅವಳೇ.

"ಇದು ಎಂತ ಚಂದಯ್ಯಣ್ಣ?" ಗಿಡದ ಗೆಣ್ಣಿನಲ್ಲಿ ಕಟ್ಟಿದ್ದ ಕೆಂಪು ದಾರವನ್ನು ರತ್ನಾಕರ ಉಗುರಿನಿಂದ ಎತ್ತಿ ತೋರಿಸಿದ.

"ದಾರ. ಈ ಸಾಲಂಗೆ ಎಲ್ಲಾ ಗಿಡಕ್ಕೂ ಇತ್ತಲ್ಲ. ಅದನ್ನ ಕಂಡೇ ಅಲ್ದಾ ನಮ್ ಸಾಹೇಬ್ರು ಡಾಕ್ಟ್ರು ಸಂಜೆ ವರೆಗೆ ಬದ್ಕಿದ್ರ್ ಅಂದದ್ದ್."

"ದಾರ ಯಾಕೆ ಕಟ್ಟುವುದು?"

"ಅದ್ ನಂಗೆಂತ ಗೊತ್ತ್. ದೃಷ್ಟಿ ತಾಗ್ಬಾರ್ದ್ ಅಂದೇಳಿ ಆಯ್ಕ್."

"ಗುಣಪಾಲರೇ, ನೀವು ಹೇಳಿ. ಡಾಕ್ಟರ ಶಿಷ್ಯರಲ್ಲವಾ. ಬ್ರಹ್ಮಾವರದಲ್ಲಿ ಮೈಕು ಹಿಡಿದು ಹೇಳಿದ ಹಾಗೆಯೇ ಹೇಳಿ."

ಗುಣಪಾಲ ಕರವಸ್ತ್ರದಿಂದ ಕೈ ಒರೆಸಿಕೊಂಡ. ವಿವರಿಸುವ ಅವಕಾಶ ಸಿಕ್ಕರೆ ಅವನಿಗೆ ಹೆದರಿಕೆಯೂ ಮರೆಯುತ್ತದೆ.

"ನಮ್ಮ ಕರಾವಳಿಯ ನೆಲಗಡಲೆಗೆ ಒಂದು ದೋಷವಿದೆ. ಅದು ಎರಡು ತಿಂಗಳು ಹೂ ಬಿಡುತ್ತಲೇ ಇರುತ್ತದೆ. ಮೊದಲ ಹೂವಿನ ಕಾಯಿ ಬಲಿತು ನೆಲದಲ್ಲೇ ಮೊಳೆಯುವಾಗ ಕೊನೆಯ ಹೂವಿನ ಕಾಯಿ ಇನ್ನೂ ನೀರುಗುಳ್ಳೆ. ಗದ್ದೆಯ ಪಸೆ ಆರುವ ಮೊದಲೇ ಹೂ ಬಿಡಬೇಕು, ಒಟ್ಟಿಗೆ ಬಿಡಬೇಕು, ಒಟ್ಟಿಗೆ ಮುಗಿಸಬೇಕು. ಅಂಥ ಗಿಡಗಳನ್ನೇ ವರ್ಷವರ್ಷವೂ ಆರಿಸಿ, ಒಂದಕ್ಕೊಂದು ಕೂಡಿಸಿ, ಹುಟ್ಟಿದ್ದರಲ್ಲಿ ಮತ್ತೆ ಆರಿಸಿ ನಾವು..."

"ನಾವು" ಎಂದಳು ಪ್ರಭಾವತಿ. ಅಷ್ಟೇ. ಗುಣಪಾಲನ ಮಾತು ಅಲ್ಲಿಗೆ ಮುಗ್ಗರಿಸಿತು.

ಡಾಕ್ಟರು ಸತ್ತ ದಿನ ಸಂಜೆ ಬ್ರಹ್ಮಾವರದ ರೈತರ ಸಭೆಯಲ್ಲಿ ಆ ತಳಿಗೆ ಅವನು ಇಟ್ಟ ಹೆಸರು ‘ಗುಣ’. ಬೀಜ ಡಾಕ್ಟರದ್ದು, ಬೆವರು ಗುಲಾಬಿಯದ್ದು, ಹೆಸರು ಮಾತ್ರ ಪಾಲಿಗೆ ಬಂದದ್ದು ಗುಣಪಾಲನಿಗೆ.

"ದಾರದ ವಿಷಯ ಹೇಳಿ" ಎಂದ ರತ್ನಾಕರ.

"ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಬಿಡಿಸಿ, ಒಳಗಿನ ಗಂಡು ಕೇಸರಗಳನ್ನು ಚಿಮಟದಿಂದ ತೆಗೆಯಬೇಕು. ಇಲ್ಲದಿದ್ದರೆ ಅದು ತನ್ನಷ್ಟಕ್ಕೇ ಗರ್ಭ ಕಟ್ಟಿಕೊಳ್ಳುತ್ತದೆ. ತೆಗೆದ ಗುರುತಿಗೆ ಕೆಂಪು ದಾರ. ಮರುದಿನ ಬೆಳಿಗ್ಗೆ ನಮಗೆ ಬೇಕಾದ ಗಿಡದ ಪರಾಗ ತಂದು ಅದಕ್ಕೆ ಮುಟ್ಟಿಸುವುದು."

"ಮುಟ್ಟಿಸದಿದ್ದರೆ?"

"ಹೂ ಬಾಡಿ ಉದುರುತ್ತದೆ. ಕಾಯಿ ಇಲ್ಲ."

"ಚಂದಯ್ಯಣ್ಣ, ಕೇಳಿದ್ರಾ? ಕಾಯಿ ಇಲ್ಲ."

"ಕೇಂಡಿದೆ. ಸಂಜೆ ಗಂಡನ್ನ ಹೊರ್ಗ್ ಹಾಕುದ್, ಬೆಳಿಗ್ಗೆ ಬೇರೆ ಗಂಡ್ ತರುದ್. ಈ ಡಾಕ್ಟ್ರ್ ಕೆಲ್ಸ ನಮ್ಮ್ ಮದ್ವೆ ದಲ್ಲಾಳಿಗಳಿಗಿಂತ ಕಷ್ಟದ್ದ್."

ರತ್ನಾಕರ ಗಿಡವನ್ನು ತಲೆಕೆಳಗು ಮಾಡಿ ಹಿಡಿದ. ಪ್ರತಿ ಕೆಂಪು ದಾರದ ಬುಡದಿಂದಲೂ ಒಂದೊಂದು ಎಳೆ ಕಡ್ಡಿ ನೆಲಕ್ಕಿಳಿದಿತ್ತು. ಪ್ರತಿ ಕಡ್ಡಿಯ ತುದಿಯಲ್ಲೂ ಮಗುವಿನ ಕಿರುಬೆರಳಷ್ಟು ದಪ್ಪ, ಬೆಳ್ಳಗಿನ ಕಾಯಿ. ಇನ್ನೊಂದು ಗಿಡ ಕಿತ್ತ. ಅದರಲ್ಲೂ ಹಾಗೆಯೇ. ಮತ್ತೊಂದು. ದಾರವಿದ್ದಲ್ಲೆಲ್ಲ ಕಾಯಿ. ಒಂದೂ ಹುಸಿ ಹೋಗಿರಲಿಲ್ಲ.

"ಈಗ ನಿಮ್ಮ ಕೇಸು ಹೇಳ್ತೇನೆ ಕೇಳಿ. ಸಂಜೆ ಡಾಕ್ಟರು ಕೇಸರ ತೆಗೆದರು, ದಾರ ಕಟ್ಟಿದರು, ಸಂಜೆ ತೋಟಕ್ಕೆ ಬಂದಿದ್ದ ಗುಲಾಬಿ ಕತ್ತಲಾದ ಮೇಲೆ ಗುದ್ದಲಿಯಿಂದ ಹೊಡೆದು ಗುಂಡಿಗೆ ದೂಡಿದಳು. ಹೆಣ ನೀರಲ್ಲಿದ್ದದ್ದರಿಂದ ಸತ್ತ ಹೊತ್ತು ಆಸ್ಪತ್ರೆಯವರಿಗೂ ತಿಳಿಯಲಿಲ್ಲ. ದಾರವೇ ಹೊತ್ತು ಹೇಳಿತು. ಅಲ್ಲವಾ? ಹಾಗಾದರೆ ಮರುದಿನ ಬೆಳಿಗ್ಗೆ ಇಷ್ಟೂ ಹೂವಿಗೆ ಪರಾಗ ಮುಟ್ಟಿಸಿದ್ದು ಯಾರು? ಹೆಣವಾ?"

ಚಂದಯ್ಯನ ದವಡೆ ನಿಂತಿತು.

"ಜೇನುನೊಣಗಳಿವೆ" ಎಂದ ಗುಣಪಾಲ.

"ಜೇನಿಗೆ ದಾರ ಕಟ್ಟಿದ್ ಹೂವೇ ಬೇಕು ಅಂದೇಳಿ ಇತ್ತಾ?" ಎಂದ ಚಂದಯ್ಯ.

"ಅರಳುವ ಮೊದಲೇ ಒಳಗೊಳಗೆ ಗಂಡು ಹೆಣ್ಣು ಮುಗಿಸಿಕೊಳ್ಳುವ ಗಿಡ ಇದು ಅಂತ ಈಗ ತಾನೇ ನೀವೇ ಅಂದಿರಿ" ಎಂದ ರತ್ನಾಕರ. "ಜೇನಿಗೆ ಇಲ್ಲಿ ಸಿಗುವುದು ಎಲ್ಲೋ ಒಂದು ಹೂವು. ಸಾಲಿಗೆ ಸಾಲೇ ಬಸಿರು ಮಾಡುವ ಜೇನು ಇನ್ನೂ ಹುಟ್ಟಲಿಲ್ಲ."

ಗಾಳಿ ಬೀಸಿತು. ಬೇಲಿಯಾಚೆ ಸಮುದ್ರ ಒಂದೇ ಸಮನೆ ಗೊಣಗುತ್ತಿತ್ತು. ಗುಣಪಾಲ ತುಟಿ ಸವರಿಕೊಂಡ.

"ಸರಿ. ನಾನೇ ಮುಟ್ಟಿಸಿದೆ. ಬ್ರಹ್ಮಾವರದಿಂದ ಮೊದಲ ಬಸ್ಸಿಗೆ ಬಂದೆನಲ್ಲ. ಗುರುಗಳ ಕೆಲಸ ಅರ್ಧಕ್ಕೆ ನಿಲ್ಲಬಾರದು ಎಂದು."

ರತ್ನಾಕರ ಗಿಡವನ್ನು ಎಡಗೈಗೆ ಬದಲಾಯಿಸಿಕೊಂಡ. ಬಲಗೈ ಮುಷ್ಟಿಯಾಗಿತ್ತು. ಅದನ್ನು ಬಿಡಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಬಂದವರು ಯಾವ ಕಡೆಯಿಂದ ಬಂದಿರಿ?"

"ರಸ್ತೆಯ ಕಡೆಯಿಂದ."

"ರಸ್ತೆಯಿಂದ ಬಂದರೆ ಮೊದಲು ಸಿಗುವುದು ಗುಂಡಿ, ಆಮೇಲೆ ಸಾಲು. ಬಂದ ಕೂಡಲೇ ಹೆಣ ಕಂಡೆ, ಸಾಲಿಗೆ ಕಾಲೇ ಇಡಲಿಲ್ಲ, ಓಡಿಹೋಗಿ ಠಾಣೆಗೆ ತಿಳಿಸಿದೆ ಅಂತ ನೀವು ಚಂದಯ್ಯಣ್ಣನ ಎದುರೇ ಹೇಳಿದ್ದು. ಹೌದಾ ಚಂದಯ್ಯಣ್ಣ?"

"ಹೌದ್. ಬರ್ಕೊಂಡದ್ ನಾನೇ."

"ಅಂದರೆ ಗುರುಗಳು ಗುಂಡಿಯಲ್ಲಿ ಬೋರಲು ಬಿದ್ದು ತೇಲುತ್ತಿದ್ದರು, ಶಿಷ್ಯರು ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹೂವಿಗೆ ಹುಡಿ ಹಚ್ಚುತ್ತಿದ್ದರು. ಒಂದೊಂದೇ ಹೂವಿಗೆ. ಸಮಾಧಾನದಿಂದ." ರತ್ನಾಕರನ ದನಿ ಏರಲಿಲ್ಲ, ಇಳಿಯಿತು. "ಉಳಿದ ಸಾಲುಗಳನ್ನೂ ನಾನು ನೋಡಿದ್ದೇನೆ ಗುಣಪಾಲರೇ. ಡಾಕ್ಟರೇ ಕೇಸರ ತೆಗೆದು, ಡಾಕ್ಟರೇ ಪರಾಗ ಹಾಕಿದ ಸಾಲುಗಳು. ಅಲ್ಲಿ ಅರ್ಧಕ್ಕರ್ಧ ದಾರದ ಬುಡ ಖಾಲಿ. ಮನುಷ್ಯನ ಕೈ ಎಷ್ಟು ನಯವಾದರೂ ಮೊಗ್ಗಿಗೆ ನೋವಾಗುತ್ತದೆ. ಇಡೀ ತೋಟದಲ್ಲಿ ಒಂದೂ ತಪ್ಪದೆ ಕಾಯಿ ಕಟ್ಟಿದ್ದು ಈ ಸಾಲು ಒಂದೇ. ಯಾಕೆಂದರೆ ಈ ಮೊಗ್ಗುಗಳನ್ನು ಯಾರೂ ಮುಟ್ಟಲೇ ಇಲ್ಲ. ಬೆಳಿಗ್ಗೆ ಆಗಲೇ ಅರಳಿ, ಒಳಗಿನ ಕೆಲಸ ಮುಗಿಸಿಕೊಂಡು ಕೂತ ಹೂವಿಗೆ ನೀವು ದಾರ ಕಟ್ಟಿದಿರಿ. ಕೇಸರ ಹೂವಲ್ಲೇ ಉಳಿಯಿತು, ಕೇಸು ಗುಲಾಬಿಯ ಕುತ್ತಿಗೆಗೆ ಬಿತ್ತು."

ಆಮೇಲೆ, ಯಾಕೆಂದು ಅವನಿಗೇ ತಿಳಿಯಲಿಲ್ಲ, ಕಾಲೇಜಿನ ಬೆಂಚಿನಲ್ಲಿ ನಾಲ್ಕು ವರ್ಷ ಪಕ್ಕದಲ್ಲಿ ಕೂತು ಕೇಳಿದ ಆ ದನಿ ಬಾಯಿಗೆ ಬಂದುಬಿಟ್ಟಿತು. ಮೆಲ್ಲಗಿನ, ಸ್ವಲ್ಪ ತೊದಲುವ, ಶೇಖರ ಹೆಗ್ಡೆಯ ದನಿ: "ಗು-ಗುಣಪಾಲ, ಹೂವಿಗೆ ಸುಳ್ಳು ಹೇಳಬಾರದು ಮಾರಾಯ."

ಗುಣಪಾಲ ಒಂದು ಹೆಜ್ಜೆ ಹಿಂದೆ ಸರಿದ.

"ಆ ದನಿ ಬೇಡ" ಎಂದಳು ಪ್ರಭಾವತಿ. ಅವಳ ಮುಖ ಕೆಂಪೇರಿತ್ತು. "ಬೇರೆ ಯಾರದ್ದಾದ್ರೂ ಮಾಡಿ ರತ್ನಾಕರಣ್ಣ. ಅದೊಂದು ಬೇಡ."

ರತ್ನಾಕರ ತಲೆ ತಗ್ಗಿಸಿದ.

ಆದರೆ ಆ ದನಿ ತನ್ನ ಕೆಲಸ ಮುಗಿಸಿತ್ತು. ಗುಣಪಾಲನ ಪುಸ್ತಕದ ಕನ್ನಡ ಅಂಗಿಯ ಗುಂಡಿಯಂತೆ ಉದುರಿಹೋಗಿ, ಒಳಗಿನ ಊರ ಕನ್ನಡ ಹೊರಬಿತ್ತು.

"ಹೌದ್. ನಾನೇ ಕಟ್ದೆ. ಎಂತ ಮಾಡ್ತ್ರಿ? ಕಟ್ದೆ, ಕೊಲ್ಲಲಿಲ್ಲ."

"ಕೊಲ್ಲದವನು ಯಾಕೆ ಕಟ್ಟುತ್ತಾನೆ?"

"ಬೆಳಿಗ್ಗೆ ಬಂದ್ ಕಾಂತೆ, ಗುಂಡಿಯಂಗೆ ಹೆಣ. ಸಾಲಂಗೆ ಒಂದೂ ದಾರ ಇಲ್ಲ. ಡಾಕ್ಟ್ರು ಸಂಜೆ ಬದ್ಕಿದ್ರೆ ದಾರ ಕಟ್ದೇ ಬಿಡು ಜನವಾ? ಜ್ವರ ಬಂದಾಗ್ಲೂ ಬಿಟ್ಟವರಲ್ಲ. ಆಗ್ಳೇ ಗೊತ್ತಾಯ್ತ್ ನಂಗೆ, ಸತ್ತದ್ ಸಂಜೆ ಅಲ್ಲ, ಹಿಂದಿನ ದಿನ ಮಧ್ಯಾಹ್ನವೇ ಅಂದೇಳಿ. ಬ್ರಹ್ಮಾವರದ ಬಸ್ಸಿಗೆ ಹೋಪು ಮುಂಚೆ ಮಧ್ಯಾಹ್ನ ನಂಗೂ ಅವ್ರಿಗೂ ಜಗಳ ಆಯ್ತಲ್ಲ, ನೀರ್ ಹೊರು ಹೆಂಗ್ಸರೆಲ್ಲಾ ಕೇಂಡಿದ್ರ್. ಬೀಜದ ಹೆಸ್ರಿನ ವಿಷ್ಯವೇ. ಮಧ್ಯಾಹ್ನ ಸತ್ರ್ ಅಂದ್ರೆ ಮೊದ್ಲು ಹಿಡಿಯುದ್ ಯಾರನ್ನ? ನನ್ನ. ಸಂಜೆ ಅಂದ್ರೆ ನಾನ್ ಬ್ರಹ್ಮಾವರದ ಸ್ಟೇಜಿನ ಮೇಲೆ, ಊರೇ ಸಾಕ್ಷಿ."

"ಅದಕ್ಕೆ ಗುಲಾಬಿಯನ್ನು ನೇಣಿಗೆ ಕೊಟ್ಟೆ."

"ನಾನ್ ಅವಳ ಹೆಸ್ರ್ ಹೇಳ್ಲೇ ಇಲ್ಲ. ಸಂಜೆ ಅವ್ಳ್ ತೋಟಕ್ಕೆ ಬಂದದ್ ನಂಗೆಂತ ಗೊತ್ತ್?"

"ಹಿಡಿದ ಮೇಲೆ ಗೊತ್ತಾಯಿತಲ್ಲ. ತಿಂಗಳು ಪೂರ್ತಿ ಗೊತ್ತಿತ್ತಲ್ಲ." ರತ್ನಾಕರ ಅವನ ಅಂಗಿಯ ಕಾಲರ್ ಹಿಡಿದ. ಬಿಳಿ ಅಂಗಿಯಲ್ಲಿ ಐದು ಬೆರಳಿನ ಮಣ್ಣು ಮೂಡಿತು. "ಅವಳು ಅಲ್ಲಿ ಕಂಬಿ ಕೆರೆಯುವಾಗ ನೀನು ಇಲ್ಲಿ ಗಂಜಿ ಉಣ್ಣುತ್ತಿದ್ದೆ. ಗಂಟಲಲ್ಲಿ ಇಳಿಯಿತಾ?"

"ಬಿಡಿ, ಬಿಡಿ" ಎಂದು ಚಂದಯ್ಯ ನಡುವೆ ಬಂದ. "ಹೊಡೂದ್ ನಮ್ಮ್ ಕೆಲ್ಸ, ನಿಮ್ದಲ್ಲ."

"ಚಂದಯ್ಯಣ್ಣ, ಈಗಲೇ ಹೋಗಿ ನಿಮ್ಮ ಸಾಹೇಬರಿಗೆ ಹೇಳಿ. ಡಾಕ್ಟರು ಸಂಜೆ ಬದುಕಿರಲಿಲ್ಲ. ಸಂಜೆ ಗುಲಾಬಿ ತೋಟಕ್ಕೆ ಬಂದದ್ದು, ಕರೆದದ್ದು, ಯಾರನ್ನೂ ಕಾಣದೆ ಮನೆಗೆ ಹೋದದ್ದು, ಅವಳು ಹೇಳಿದ್ದು ಎಲ್ಲಾ ನಿಜ. ಕೋರ್ಟಿಗೆ ಕರೆದೊಯ್ಯುವ ಮೊದಲು ಕೇಸು ತಿದ್ದಲಿ."

ಆಗ ಗುಣಪಾಲ ನಕ್ಕ. ಕಾಲರ್ ಸರಿಮಾಡಿಕೊಳ್ಳುತ್ತಾ, ತುಟಿಯ ಒಂದೇ ಬದಿಯಲ್ಲಿ.

"ಡಾಕ್ಟ್ರು ಸಂಜೆ ಬದ್ಕಿರ್ಲಿಲ್ಲ ಅಲ್ದಾ? ಹಂಗಾರೆ ಸಂಜೆ ಇವ್ರು ಕಾಫಿ ಕೊಟ್ಟದ್ ಯಾರಿಗೆ?"

ಅವನ ಗದ್ದ ಪ್ರಭಾವತಿಯ ಕಡೆ ತಿರುಗಿತ್ತು.

ರತ್ನಾಕರನಿಗೆ ಕಾಫಿಯ ವಿಷಯ ಗೊತ್ತಿತ್ತು. ಸಂಜೆ ಅಣ್ಣನಿಗೆ ತೋಟದಲ್ಲೇ ಕಾಫಿ ಕೊಟ್ಟು ಬಂದೆ ಎಂದು ಪ್ರಭಾವತಿ ಪೋಲೀಸರಿಗೆ ಹೇಳಿದ್ದಳು. ದುಃಖದಲ್ಲಿ ಹಿಂದಿನ ದಿನದ ಕಾಫಿ ಆ ದಿನದ್ದೆಂದು ಕಲಸಿಹೋಗಿರಬೇಕು ಎಂದು ರತ್ನಾಕರ ತಾನೇ ಸಮಾಧಾನ ಹೇಳಿಕೊಂಡಿದ್ದ. ಗೆಳೆಯನ ತಂಗಿ; ಕೆಣಕಿ ಕೇಳಲು ನಾಲಗೆ ಬಂದಿರಲಿಲ್ಲ.

"ಪ್ರಭಾವತಿ?"

ಅವಳು ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾನು ಸುಳ್ಳು ಹೇಳಿದೆ" ಎಂದಳು. ಕಡ್ಡಿ ಮುರಿದ ಹಾಗೆ. "ಸಂಜೆ ನಾನು ತೋಟಕ್ಕೇ ಬರ್ಲಿಲ್ಲ."

"ಯಾಕೆ?"

"ಗುಲಾಬಿಯನ್ನ ಉಳಿಸ್ಲಿಕ್ಕೆ."

ಚಂದಯ್ಯ ಎಲೆಯ ಮುದ್ದೆಯನ್ನು ಕೊನೆಗೂ ಉಗುಳಿದ.

"ಅವತ್ತು ಮಧ್ಯಾಹ್ನ ಬುತ್ತಿ ತಕಂಡು ಬಂದೆ. ಆ ದಿಬ್ಬದ ವರೆಗೆ ಬಂದೆ. ಅಣ್ಣಯ್ಯ ಕಾಣ್ಲಿಲ್ಲ. ಗುಂಡಿಯ ಹತ್ರ ಗುಲಾಬಿ ಒಬ್ಳೇ ಇದ್ಳು. ನಾನು ಕರೆದೆ. ಅವ್ಳು ತಿರುಗಲಿಲ್ಲ." ಅವಳ ಮಾತು ನಿಂತು ಮತ್ತೆ ಹೊರಟಿತು. "ಗುದ್ದಲಿ ತೊಳೀತಾ ಇದ್ಳು ರತ್ನಾಕರಣ್ಣ. ಅಳ್ತಾ ತೊಳೀತಾ ಇದ್ಳು. ಅಣ್ಣಯ್ಯ ಬೈದಿರ್ಬೇಕು ಅಂದ್ಕೊಂಡು ನಾನು ಬುತ್ತಿ ಅಲ್ಲೇ ಇಟ್ಟು ಹೋದೆ. ಮರುದಿನ ಹೆಣ ಕಂಡಾಗ ನಂಗೆ ಅರ್ಥ ಆಯ್ತು."

"ಅರ್ಥ ಆಗಿಯೂ..."

"ನಂಗೆ ಸಿಡುಬು ಎದ್ದಾಗ ಮನೆಯೋರೆಲ್ಲ ಬಾಗ್ಲ ಹೊರಗೆ ನಿಂತ್ಕೊಂಡ್ರು. ಒಳಗೆ ಬಂದು ನನ್ನ ಮೈ ಒರೆಸಿದವ್ಳು ಅವ್ಳೊಬ್ಳೇ. ಹ್ಯಾಂಗೆ ಹೇಳ್ಲಿ?" ಅವಳ ಕಣ್ಣಲ್ಲಿ ನೀರಿರಲಿಲ್ಲ, ಕಿಡಿಯಿತ್ತು. "ಸಂಜೆಗೆ ಅವ್ಳು ಕೊಲ್ಲೂರಿನ ಬಸ್ಸಿಗೆ ಹೋಗ್ತೆ ಅಂದಿದ್ಳು. ಸಂಜೆ ಅಣ್ಣಯ್ಯ ಬದ್ಕಿದ್ರು ಅಂದ್ರೆ ಅವ್ಳ ಮೇಲೆ ಬರ್ಲಿಕ್ಕಿಲ್ಲ ಅಂತ ಕಾಫಿ ಸುಳ್ಳು ಹೇಳ್ದೆ. ಬಸ್ಸು ತಪ್ಪಿ ಅವ್ಳು ಸಂಜೆಗೇ ತೋಟಕ್ಕೆ ವಾಪಸ್ ಬಂದದ್ದು ನಂಗೆ ಗೊತ್ತೇ ಇರ್ಲಿಲ್ಲ. ನನ್ ಸುಳ್ಳೇ ಅವಳನ್ನ ಹಿಡಿದು ಕೊಡ್ತು. ಅದಕ್ಕೇ ನಿಮ್ಮ ಕಾಲು ಹಿಡಿದೆ. ಸಂಜೆಯದ್ದು ಅವ್ಳು ಮಾಡ್ಲಿಲ್ಲ ಅಂತ ನಿಮ್ಗೆ ಹ್ಯಾಂಗೂ ಸಿಕ್ಕುತ್ತೆ, ಅಷ್ಟಕ್ಕೇ ಬಿಡ್ತಾರೆ ಅಂದ್ಕೊಂಡೆ. ನೀವು ಇಷ್ಟು ಕೆದಕ್ತೀರಿ ಅಂತ ನಾನು ಎಣಿಸ್ಲಿಲ್ಲ."

ಇಬ್ಬರು ಸುಳ್ಳರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಒಬ್ಬ ಸತ್ತವನಿಗೆ ಒಂದು ಸಂಜೆಯನ್ನು ಹೊಲಿದು ತೊಡಿಸಿದ್ದರು. ಆ ಸಂಜೆಯ ಹೊಲಿಗೆಯನ್ನು ರತ್ನಾಕರ ಈಗಷ್ಟೇ ತನ್ನ ಕೈಯಾರೆ ಬಿಚ್ಚಿ ಮುಗಿಸಿದ್ದ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅಷ್ಟು ಸಲ ಕೇಳಿದರೂ, ಮಧ್ಯಾಹ್ನ ಮನೆಯಲ್ಲೇ ಇದ್ದೆ ಎಂದೇ ಗುಲಾಬಿ ಅವನಿಗೂ ಹೇಳಿದ್ದಳು.

"ಅಕ್ಕ, ನೀವೂ ನನ್ನೊಟ್ಟಿಗೆ ಬನ್ನಿ" ಎಂದ ಚಂದಯ್ಯ, ಟೊಪ್ಪಿ ಇಟ್ಟುಕೊಳ್ಳುತ್ತಾ. ಅವನ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ. "ಗುಣಪಾಲ ಶೆಟ್ರೆ, ನೀವೂ ನಡೀರಿ. ಸುಳ್ಳ್ ಸಾಕ್ಷಿ ಹುಟ್ಸಿದ್ದಕ್ಕೆ ನಿಮ್ಗೆ ಬೇರೆ ಕೇಸ್ ಇತ್ತ್."

"ಚಂದಯ್ಯಣ್ಣ, ಇವತ್ತೊಂದು ದಿನ ತಡೆಯಿರಿ. ನಾನು ಗುಲಾಬಿಯ ಹತ್ತಿರ ಮಾತಾಡಬೇಕು."

"ಅವ್ಳು ನಿಮ್ಗೂ ಸುಳ್ಳ್ ಹೇಳಿದ್ಲ್ ಅಲ್ದಾ? ನಿಮ್ ಮುಖ ಕಂಡ್ರೇ ಗೊತ್ತಾತ್ತ್." ಚಂದಯ್ಯ ಉಸಿರು ಬಿಟ್ಟ. "ಕಾಣಿ, ನೀವ್ ಹೇಳಿದ್ದ್ ಸಮ. ಸಂಜೆ ಅಂಬುದ್ ತಪ್ಪ್, ಮಧ್ಯಾಹ್ನ ಅಂಬುದೇ ಸಮ. ಕೋರ್ಟಂಗೆ ಹೊತ್ತ್ ಬದ್ಲಾಯ್ಸಿರೆ ಆಯ್ತ್. ಹೆಣ್ಣ್ ಅದೇ."

ಅವನು ರತ್ನಾಕರನ ಎಡಗೈಯಲ್ಲಿದ್ದ, ಕೆಂಪು ದಾರದ, ಬೆಳ್ಳನೆ ಕಾಯಿ ತೂಗುವ ಗಿಡವನ್ನು ಬುಡದಲ್ಲಿ ಹಿಡಿದ.

"ಬಿಡಿ. ಇದ್ ಸಾಕ್ಷಿ."

ರತ್ನಾಕರ ಬಿಡಲಿಲ್ಲ.